ಎಡಮಗ್ಗುಲಿನ ಮೂರನೇ ಹಲಗೆ

ನಮ್ಮಣ್ಣನಿಗೆ ಸಮುದ್ರ ಕಂಡರೆ ಹೆದರಿಕೆ. ಸಮುದ್ರದ ಮೇಲೆ ತೇಲುವ ದೋಣಿಗಳಿಗೆ ನಮ್ಮಣ್ಣನನ್ನು ಕಂಡರೆ ಹೆದರಿಕೆ!

ಸುಳ್ಳಲ್ಲ. ಎಂಬತ್ತರ ದಶಕದಲ್ಲಿ ಗೋವೆಯ ಬಾಯ್ನಾ ದಂಡೆಯ ಮೇಲೆ ಇದ್ದವರನ್ನು ಯಾರನ್ನಾದರೂ ಕೇಳಿ ನೋಡಿ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಹುಣಸೆ ಕಟ್ಟಿಗೆಯ ಕೊಡತಿ ಹಿಡಿದು ಅವನು ಮರಳು ತುಳಿಯುತ್ತ ಬರುವುದು ಕಂಡರೆ ಸಾಕು, ಹಳೆಯ ದೋಣಿ ಮಾರಲು ನಿಂತವರು ಗಡಬಡಿಸಿ ಅದರ ಮೇಲೆ ಬಲೆ ಹೊದಿಸಿ, ಬೆನ್ನು ಕೊಟ್ಟು ಕುಳಿತುಬಿಡುತ್ತಿದ್ದರು. ಅವನೇನು ಪೊಲೀಸನೇ? ಅಲ್ಲ. ಬಂದರಿನ ಸಾಹೇಬನೇ? ಅದೂ ಅಲ್ಲ. ಶಾಲೆಯ ಮೆಟ್ಟಿಲು ಹತ್ತದ, ಈಜು ಬಾರದ, ವಿಜಾಪುರದ ಕಡೆಯ ಎರೆಮಣ್ಣಿನ ಊರಿನಿಂದ ಬಂದ ಒಬ್ಬ ಕೂಲಿಯವನು. ಆದರೆ ಅವನು ದೋಣಿಯ ತಳವನ್ನು ಕೊಡತಿಯಿಂದ ಠಕ್ ಠಕ್ ಎಂದು ಬಾರಿಸಿ, ಹಲಗೆಗೆ ಕಿವಿ ಹಚ್ಚಿ ಕೇಳಿ, ಸೀಮೆಸುಣ್ಣದಿಂದ ಒಂದು ದುಂಡು ಗೆರೆ ಎಳೆದನೆಂದರೆ ಮುಗಿಯಿತು. ಆ ದೋಣಿಯನ್ನು ಆಮೇಲೆ ಬಿಟ್ಟಿ ಕೊಟ್ಟರೂ ಯಾರೂ ಒಯ್ಯುತ್ತಿರಲಿಲ್ಲ.

ಅಂಥ ಕೊಡತಿ ಒಂದು ದಿನ ಕಾಣೆಯಾಯಿತು. ಕದ್ದವರು ಯಾರೆಂದು ವರ್ಷಗಟ್ಟಲೆ ನಾನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಇವತ್ತು ನಿಮಗೂ ಹೇಳುತ್ತೇನೆ. ಕದ್ದವನು ನಾನೇ, ಅವನ ಒಡಹುಟ್ಟಿದ ತಮ್ಮ! ಆದರೆ ಅದನ್ನು ಈಗಲೇ ಪೂರ್ತಿ ಹೇಳಿದರೆ ನೀವು ನನಗೆ ಉಗಿದು ಎದ್ದು ಹೋಗುತ್ತೀರಿ. ಮೊದಲು ಅಣ್ಣನನ್ನು ನೋಡಿ ಒಂದಿಷ್ಟು ನಗಿರಿ. ಉಗಿಯುವುದು ಆಮೇಲೆ ಇದ್ದೇ ಇದೆ.

ನಮ್ಮೂರಲ್ಲಿ ನಾವು ಕಂಡ ಅತಿ ದೊಡ್ಡ ನೀರೆಂದರೆ ಗೌಡರ ಬಾವಿ. ಅದಕ್ಕೂ ನಮ್ಮಣ್ಣ ಇಣುಕಿದವನಲ್ಲ. ಹೀಗಿರುವಾಗ ಗೋವೆಗೆ ಬಂದು ಝುವಾರಿನಗರದಲ್ಲಿ ಒಂದು ಖೋಲಿ ಹಿಡಿದೆವು. ಮೂರು ಕಡೆ ನೀರು, ಒಂದು ಕಡೆ ಮಳೆ! ಆಗಿನ್ನೂ ನದಿಗೆ ಸೇತುವೆ ಆಗಿರಲಿಲ್ಲ. ಪಣಜಿಗೆ ಹೋಗಬೇಕೆಂದರೆ ಫೆರಿ ಬೋಟು ಹತ್ತಿ ದಾಟಬೇಕು. ಎದುರಿನ ದಡದಲ್ಲಿ ನಿಂತವರ ಅಂಗಿಯ ಗುಂಡಿ ಕಾಣುವಷ್ಟು ಹತ್ತಿರ. ಎಲ್ಲರೂ ಕಡಲೆಕಾಯಿ ಸುಲಿಯುತ್ತ ದಾಟಿದರೆ, ನಮ್ಮಣ್ಣ ಬಸ್ಸು ಹಿಡಿದು, ಫೋಂಡಾ ಸುತ್ತುಹಾಕಿ, ಅರ್ಧ ಗೋವೆಯನ್ನು ಪ್ರದಕ್ಷಿಣೆ ಮಾಡಿ ಅದೇ ದಡಕ್ಕೆ ಸಂಜೆಗೆ ಮುಟ್ಟುತ್ತಿದ್ದ.

"ಅಣ್ಣಾ, ಇಷ್ಟು ಸಣ್ಣ ನೀರಿಗೆ ಯಾಕ ಹೆದರ್ತೀ?" ಎಂದರೆ, "ನೀರು ಸಣ್ಣದಿರಲಿ, ದೊಡ್ಡದಿರಲಿ, ಮುಳುಗಾಕ ಒಂದಾಳು ಆಳ ಸಾಕಲೇ. ನಾ ಇರೋದು ಒಬ್ಬನ" ಎನ್ನುತ್ತಿದ್ದ. ಇದಕ್ಕೆ ಏನು ಉತ್ತರ ಕೊಡುತ್ತೀರಿ?

ಇಂಥವನು ದೋಣಿಗಳ ಗೊಡವೆಗೆ ಹೇಗೆ ಬಿದ್ದ? ಹಗಲು ಅವನಿಗೆ ನದಿಯ ದಂಡೆಯ ಒಂದು ಯಾರ್ಡಿನಲ್ಲಿ ಕೆಲಸ. ಅದಿರು ಸಾಗಿಸುವ ಬಾರ್ಜುಗಳನ್ನು ದಂಡೆಗೆ ಎಳೆದು ನಿಲ್ಲಿಸಿದಾಗ ಅವುಗಳ ಕಬ್ಬಿಣದ ಹೊಟ್ಟೆಯ ಮೇಲಿನ ತುಕ್ಕನ್ನು ಸುತ್ತಿಗೆಯಿಂದ ಕುಟ್ಟಿ ಕುಟ್ಟಿ ಉದುರಿಸುವುದು. ಇಪ್ಪತ್ತು ಜನ ಒಟ್ಟಿಗೆ ಕುಟ್ಟುವಾಗ ಪಕ್ಕದವನು ಬೈದರೂ ಕೇಳುತ್ತಿರಲಿಲ್ಲ, ಅದೊಂದೇ ಸುಖ. ರವಿವಾರ ರಜೆ. ರಜೆಯ ದಿನ ನಾನು ಬಾಯ್ನಾದ ದಂಡೆಯ ಮೇಲೆ ಮಣಿಸರ, ಕವಡೆಸರ ಮಾರಲು ಹೋದರೆ, ಅವನೂ ಬಂದು ಅಲೆ ಮುಟ್ಟದಷ್ಟು ದೂರದಲ್ಲಿ ಕೂಡುತ್ತಿದ್ದ.

ಒಂದು ರವಿವಾರ ಅಲ್ಲಿ ಒಬ್ಬ ಧಣಿ, ಗೋವೆಯವರ ಮಾತಿನಲ್ಲಿ ಪಾತ್ರಾಂವ್, ಹೊಸದಾಗಿ ಕೊಂಡು ತಂದ ಹಳೆಯ ಮೀನುದೋಣಿಯನ್ನು (ದೋಣಿಗೆ ಅಲ್ಲಿ ಹೊಡಿ ಎನ್ನುತ್ತಾರೆ) ಮರಳಿನ ಮೇಲೆ ನಿಲ್ಲಿಸಿದ್ದ. ಬಣ್ಣ ಝಗಝಗ ಹೊಳೆಯುತ್ತಿತ್ತು. ಜನ ಸುತ್ತ ನಿಂತು ಹೊಗಳುತ್ತಿದ್ದರು. ನಮ್ಮಣ್ಣ ಎದ್ದು ಹೋದ. ಮೂರು ಸುತ್ತು ಸುತ್ತಿದ. ಮುಂದೆ ನಿಂತು ನೋಡಿದ, ಹಿಂದೆ ಕುಕ್ಕರುಗಾಲಲ್ಲಿ ಕೂತು ನೋಡಿದ. ಬೆನ್ನು ಚಪ್ಪರಿಸಿದ. ಮಗ್ಗುಲು ತಡವಿದ. ನನಗೆ ನಗು ತಡೆಯಲಾಗಲಿಲ್ಲ. ಅದು ನಮ್ಮಪ್ಪ ದನದ ಸಂತೆಯಲ್ಲಿ ಎತ್ತು ನೋಡುತ್ತಿದ್ದ ರೀತಿ! ಇನ್ನು ಹಲ್ಲು ಎಣಿಸುವುದೊಂದು ಬಾಕಿ. ಕಡೆಗೆ ಬೆರಳಿನ ಗೆಣ್ಣಿನಿಂದ ಅಲ್ಲಲ್ಲಿ ಕುಟ್ಟಿ, ಕಿವಿ ಹಚ್ಚಿ ಕೇಳಿ, ನನ್ನನ್ನು ಕರೆದ.

"ತಮ್ಮಾ, ಇದರ ಹಿಂಗಾಲು ಸೊಟ್ಟ ಐತಿ ಅಂತ ಆ ಧಣ್ಯಾರಿಗೆ ಹೇಳು."

"ಅಣ್ಣಾ, ಹೊಡಿಗೆ ಎಲ್ಲೀದೋ ಕಾಲು?"

"ನೀ ಹೇಳಲೇ. ಅವ್ರಿಗೆ ತಿಳಿತೈತಿ."

ನನಗೆ ಆಗ ಬರುತ್ತಿದ್ದುದು ನಲವತ್ತು ಕೊಂಕಣಿ ಶಬ್ದ. ಅದರಲ್ಲಿ ಮೂವತ್ತು ಮೀನಿನ ಹೆಸರು. ಹಿಂದಿಯಲ್ಲಿ ಹೇಗೋ ಹೇಳಿದೆ, ಹಿಂದಿನ ಕಾಲು ಕೆಟ್ಟಿದೆ ಎಂದು. ಪಾತ್ರಾಂವ್ ನನ್ನ ಕಾಲುಗಳನ್ನು ಕನಿಕರದಿಂದ ನೋಡಿ, ಇಬ್ಬರಿಗೂ ಚಹಾ ಕೊಡಿಸಿ ಕಳಿಸಿದ!

ನಾಲ್ಕನೇ ದಿನಕ್ಕೆ ಆ ದೋಣಿ ನೀರಿಗಿಳಿಯಿತು. ಮೊಣಕಾಲು ನೀರಿನಲ್ಲೇ ಹಿಂಭಾಗದ ಹಲಗೆ ಬಾಯಿ ಬಿಟ್ಟು, ದೋಣಿ ಎಮ್ಮೆಯ ಹಾಗೆ ಕುಂಡೆ ಊರಿ ಕುಳಿತುಬಿಟ್ಟಿತು. ಪಾತ್ರಾಂವ್ ದಂಡೆಯೆಲ್ಲ ಹುಡುಕಿಕೊಂಡು ಬಂದು, "ಆ ಕಾಲಿನ ಮನುಷ್ಯ ಎಲ್ಲಿ?" ಎಂದು ಕೇಳಿದ. ನಮ್ಮಣ್ಣನ ಎರಡೂ ಕೈ ಹಿಡಿದು, ತನ್ನ ಬಡಗಿಯಿಂದ ಒಂದು ಹುಣಸೆ ಕೊಡತಿ ಮಾಡಿಸಿ ಕೊಟ್ಟ. ಹಿಡಿಕೆ ಕೈಗೆ ಹೇಳಿ ಮಾಡಿಸಿದ ಹಾಗೆ. ಅಂದಿನಿಂದ ನಮ್ಮಣ್ಣನಿಗೆ ದಂಡೆಯ ಮೇಲೆ 'ದೊತೋರ್' ಎಂದೇ ಹೆಸರು. ಅಂದರೆ ಡಾಕ್ಟರ್!

ದೊತೋರರು ದಂಡೆಯಲ್ಲಿ ಸುಮ್ಮನಿದ್ದರೆ ಸರಿ. ಮನೆಯಲ್ಲೂ ಶುರು ಮಾಡಿದರು. ಕಲ್ಲಂಗಡಿ ತಟ್ಟಿ ನೋಡುವುದು ಎಲ್ಲರೂ ಮಾಡುವುದೇ. ರೊಟ್ಟಿ ತಟ್ಟಿ ನೋಡುವವರುಂಟೇ? ಮಂಚ, ಬಾಗಿಲು, ಮಡಕೆ, ಹಿಟ್ಟಿನ ಡಬ್ಬಿ, ಒಂದನ್ನೂ ಬಿಡಲಿಲ್ಲ. ದಿನಕ್ಕೊಮ್ಮೆ ನನ್ನ ತಲೆಯನ್ನು ಗೆಣ್ಣಿನಿಂದ ಕುಟ್ಟಿ, ಕಿವಿ ಹಚ್ಚಿ ಕೇಳಿ, "ಟೊಳ್ಳು" ಎಂದು ತೀರ್ಪು ಕೊಡುತ್ತಿದ್ದ.

"ನನ್ನೂ ಲಗ್ನಕ್ಕ ಮೊದಲ ಹಿಂಗ ತಟ್ಟಿ ನೋಡಿದ್ರೇನ್ರಿ?" ಎಂದು ನಮ್ಮ ವೈನಿ ಕೇಳಿದರೆ, "ನಿಂದು ತಟ್ಟೋದು ಬ್ಯಾಡ, ತಾನ ಸಪ್ಪಳ ಮಾಡ್ತೈತಿ" ಎಂದು ನಕ್ಕು ಹೊರಗೆ ಓಡುತ್ತಿದ್ದ.

ನನಗೆ ಹೆಣ್ಣು ನೋಡಲು ಹೋದಾಗ ಇನ್ನೂ ಮಜಾ. ಅವರೂ ನಮ್ಮ ಕಡೆಯವರೇ, ಫೋಂಡಾದಲ್ಲಿ ಇದ್ದರು. ಹುಡುಗಿ ಉಪ್ಪಿಟ್ಟು ತಂದಿಟ್ಟಳು. ನಾನು ತಲೆ ತಗ್ಗಿಸಿ ಕೂತಿದ್ದೇನೆ. ಠಕ್ ಠಕ್! ಎಲ್ಲರೂ ತಿರುಗಿ ನೋಡಿದರೆ ಅಣ್ಣ ಬಾಗಿಲ ಚೌಕಟ್ಟಿಗೆ ಕಿವಿ ಹಚ್ಚಿ ನಿಂತಿದ್ದಾನೆ.

"ಹುಡುಗಿ ಭಾಳ ಚಲೋ ಅದಾಳ್ರಿ. ಆದ್ರ ಚೌಕಟ್ಟು ಒಳಗಿಂದೊಳಗ ಹುಳ ತಿಂದೈತಿ."

"ನಾವು ಹುಡುಗೀನ್ನ ಕೊಡಾಕತ್ತೀವ್ರಿ, ಬಾಗಲಾ ಅಲ್ಲ!" ಎಂದು ಹುಡುಗಿಯ ಅಪ್ಪ ಕೆಂಡವಾದರು. ಸಂಬಂಧ ಅಲ್ಲಿಗೇ ಮುರಿಯಿತು. ನಾನು ಮೂರು ದಿನ ಅಣ್ಣನ ಜೊತೆ ಮಾತಾಡಲಿಲ್ಲ. ಆ ಮಳೆಗಾಲದಲ್ಲಿ ಒಂದು ಮುಂಜಾನೆ ಚೌಕಟ್ಟು ಬಾಗಿಲ ಸಮೇತ ಕಳಚಿ ಬಿತ್ತಂತೆ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಹುಡುಗಿಯ ಅಪ್ಪ ಮಾರನೇ ದಿನವೇ ಬಸ್ಸು ಹತ್ತಿ ಬಂದು, "ಬೀಗ್ರ, ಹೊಸಾ ಚೌಕಟ್ಟು ಹಾಕಸಾಕತ್ತೀನಿ. ಕಟ್ಟಿಗಿ ನೀವ ಬಂದು ತಟ್ಟಿ ನೋಡ್ರಿ" ಎಂದರು. ಆ ಹುಡುಗಿಯೇ ಇವತ್ತಿಗೂ ನನ್ನ ಹೆಂಡತಿ. ನಮ್ಮದು ಚೌಕಟ್ಟಿನ ಮೇಲೆ ನಿಂತ ಸಂಸಾರ!

ತಟ್ಟಿ ನೋಡಿ ತಪ್ಪು ಹೇಳುವುದಷ್ಟೇ ಅಲ್ಲ, ಆರೈಕೆಯ ಹುಚ್ಚೂ ಅಷ್ಟೇ ಇತ್ತು. ಮಳೆ ಹಿಡಿದೊಡನೆ ದೋಣಿಗಳನ್ನೆಲ್ಲ ದಂಡೆಗೆ ಎಳೆದು ಮಗುಚಿ ಹಾಕುತ್ತಾರೆ. ಅದೇ ಹೊತ್ತಿಗೆ ನಮ್ಮ ಕಡೆ ಕಾರ ಹುಣ್ಣಿಮೆ, ಎತ್ತುಗಳ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚುವ ಹಬ್ಬ. ಇಲ್ಲಿ ಎತ್ತು ಎಲ್ಲಿ ತರಬೇಕು? ನಮ್ಮಣ್ಣ ದೋಣಿಗಳಿಗೇ ಹಬ್ಬ ಮಾಡುತ್ತಿದ್ದ! ಛತ್ರಿ ಹಿಡಿದು ಒಂದೊಂದರ ಹತ್ತಿರ ಹೋಗಿ, ತಳಕ್ಕೆ ಕಚ್ಚಿದ ಚಿಪ್ಪುಗಳನ್ನು ಕೆರೆಸಿ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಸಿ, ಹಲಗೆಯ ಸಂದಿಗೆ ಹತ್ತಿ ತುಂಬಿಸಿ, ಮೇಲೆ ಕಾಸಿದ ರಾಳ ಹೊಯ್ಯಿಸಿ, ಕಡೆಗೆ ಮೂತಿಗೊಂದು ಕುಂಕುಮ. ಯಾರಾದರೂ ಆಲಸ್ಯ ಮಾಡಿದರೆ ಬೈಗುಳ ಶುರು. "ಎತ್ತಿನ ಗೊರಸಿನಾಗ ಕಲ್ಲು ಸಿಕ್ಕೊಂಡ್ರ ಹಂಗ ಹೊಲಕ್ಕ ಹೊಡಕೊಂಡ ಹೊಕ್ಕೀರೇನ್ರಿ? ಇದಕ್ಕ ಬಾಯಿಲ್ಲಂತ ನೀವು ಸುಮ್ಮನಿರೋದು?" ಕೊಂಕಣಿಯವರಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಆದರೆ ಅವನ ಕಣ್ಣು ನೋಡಿ ಕೆರೆಯಲು ಕೂಡುತ್ತಿದ್ದರು.

ಒಮ್ಮೆ ವಿಮೆ ಕಂಪನಿಯ ಕಡೆಯಿಂದ ನಿಜವಾದ ಸರ್ವೇಯರ್ ಸಾಹೇಬರೇ ಬಂದರು. ಬಿಳಿ ಶರ್ಟು, ಹೊಳೆಯುವ ಸುತ್ತಿಗೆ, ಚೂಪು ದಬ್ಬಳ, ದಪ್ಪ ವಹಿ. ಪಾತ್ರಾಂವ್‌ನ ದೊಡ್ಡ ದೋಣಿಯನ್ನು ಅವರು ಬಲಗಡೆಯಿಂದ ನೋಡುತ್ತ ಬಂದರು, ನಮ್ಮಣ್ಣ ತನ್ನ ಪಾಡಿಗೆ ಎಡಗಡೆಯಿಂದ ಬಂದ. ಮುಂದಿನ ಮೂತಿಯ ಹತ್ತಿರ ಇಬ್ಬರೂ ಮುಖಾಮುಖಿ! ಸಾಹೇಬರು ಅಣ್ಣನ ಸುಣ್ಣದ ಗೆರೆಗಳನ್ನು ಒಂದೊಂದಾಗಿ ದಬ್ಬಳದಿಂದ ಚುಚ್ಚಿ ನೋಡಿದರು. ಪ್ರತಿ ಗೆರೆಯೊಳಗೂ ದಬ್ಬಳ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು.

"ಎಲ್ಲಿ ಕಲಿತಿದ್ದು?" ಎಂದು ಹಿಂದಿಯಲ್ಲಿ ಕೇಳಿದರು. ನಾನು ಅದನ್ನು ಅಣ್ಣನಿಗೆ ಕನ್ನಡದಲ್ಲಿ ಹೇಳಿದೆ.

"ದನದ ಸಂತ್ಯಾಗ್ರೀ ಸಾಹೇಬ್ರ" ಎಂದ ಅಣ್ಣ. ಅದನ್ನು ನಾನು ಹಿಂದಿಗೆ ತಿರುಗಿಸಿದೆ.

ಸಾಹೇಬರು ಅದನ್ನೂ ವಹಿಯಲ್ಲಿ ಬರೆದುಕೊಂಡರು! ಹೋಗುವಾಗ ಒಂದು ಮಾತು ಹೇಳಿ ಹೋದರು. ಬಾಯಿಮಾತು ಗಾಳಿಗೆ ಹೋಗುತ್ತದೆ, ನೋಡಿದ್ದನ್ನು ಕಾಗದದ ಮೇಲೆ ಬರೆದು ಕೊಡಬೇಕು, ದೋಣಿಗೆ ಅದೇ ಜಾತಕ ಎಂದು.

ಅಲ್ಲಿಂದ ನನ್ನ ಕರ್ಮ ಶುರುವಾಯಿತು. ಅಣ್ಣನಿಗೆ ಅಕ್ಷರ ಬಾರದು. ನಾನು ಐದನೇ ಇಯತ್ತೆ. ಮನೆಯಲ್ಲಿ ನಾನೇ ಪಂಡಿತ! ಅವನು ಠಕ್ ಠಕ್ ಬಾರಿಸಿ, ಕಿವಿ ಹಚ್ಚಿ, ಎದ್ದು ನಿಂತು "ಬರಕೋ" ಎನ್ನುತ್ತಿದ್ದ. ನಾನು ಬರೆಯುತ್ತಿದ್ದೆ: "ಈ ಹೊಡಿಯ ಬಲಮಗ್ಗುಲಿನ ಐದನೇ ಹಲಗೆ ಸತ್ತಿದೆ. ಎಡಕ್ಕೆ ಒಂದು ಹಲಗೆ ಜಡ್ಡು ಬಿದ್ದಿದೆ, ಆರೈಕೆ ಮಾಡಿದರೆ ಬದುಕುತ್ತದೆ. ಉಳಿದವು ಬದುಕಿವೆ." ಕೆಳಗೆ ಅವನ ಹೆಬ್ಬೆಟ್ಟು. ಸತ್ತ ಹಲಗೆ ಬದಲಾದ ಮೇಲೆ ಮತ್ತೊಂದು ಕಾಗದ: "ಎಲ್ಲ ಹಲಗೆ ಬದುಕಿವೆ." ಕನ್ನಡ ಓದಲು ಬಾರದ ಜನ ಆ ಕಾಗದಕ್ಕೆ ಗಾಜು ಕಟ್ಟಿಸಿ, ಶಿಲುಬೆಯ ಪಕ್ಕ ತೂಗುಹಾಕುತ್ತಿದ್ದರು. ಆ ದಂಡೆಯಲ್ಲಿ ಅಣ್ಣನ ಕಾಗದ ಇಲ್ಲದ ದೋಣಿ ಎಂದರೆ ಹೆಸರಿಡದ ಕೂಸಿದ್ದ ಹಾಗೆ.

ಹೆಸರಿಡದ ಆ ಕೂಸು ನನ್ನದೇ ಆಯಿತು. ಈಗ ನನ್ನ ಪಾಪಕ್ಕೆ ಬರುತ್ತೇನೆ.

ತೊಂಬತ್ತರ ದಶಕ ಬರುವ ಹೊತ್ತಿಗೆ ವಿದೇಶಿ ಪ್ರವಾಸಿಗರು ವಿಮಾನ ತುಂಬ ಬಂದಿಳಿಯತೊಡಗಿದರು. ಅವರಿಗೆ ನನ್ನ ಮಣಿಸರಕ್ಕಿಂತ ಸಮುದ್ರದಲ್ಲಿ ಜಿಗಿಯುವ ಡಾಲ್ಫಿನ್ ಮೀನು ನೋಡುವ ಹುಚ್ಚು. ನಾನೂ ಒಂದು ಹಳೆಯ ದೋಣಿ ಕೊಂಡೆ, ಹಿಂದೆ ಒಂದು ಯಂತ್ರ ಕಟ್ಟಿಸಿದೆ. ಒಂದು ಹೋಟೆಲ್ಲಿನ ಮ್ಯಾನೇಜರು ಮಳೆಗಾಲದ ಕೊನೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವ ನಾರಳೀ ಪೌರ್ಣಿಮೆ ಕಳೆದ ಮೇಲಿನ ಮೊದಲ ರವಿವಾರಕ್ಕೆ ಹನ್ನೆರಡು ಮಂದಿಯನ್ನು ಕಳಿಸುತ್ತೇನೆಂದ. ಆ ದಿನ ತಪ್ಪಿದರೆ ಕೆಲಸ ಬೇರೆಯವನ ಪಾಲು.

ಅಣ್ಣ ಬಂದ. ಮೂರು ಸುತ್ತು, ಠಕ್ ಠಕ್. ಎಡಮಗ್ಗುಲಿನ ಮೂರನೇ ಹಲಗೆಯ ಹತ್ತಿರ ಕೂತವನು ಏಳಲೇ ಇಲ್ಲ. ಸುಣ್ಣದಿಂದ ಒಂದಲ್ಲ, ಮೂರು ದುಂಡು ಗೆರೆ ಎಳೆದ.

"ತಮ್ಮಾ, ಇದು ಸತ್ತೈತಿ. ಫೋಂಡಾದ ಕಟ್ಟಿಗಿ ಮಿಲ್ಲಿಗೆ ಹೋಗಿ ಮತ್ತಿ ಮರದ ಹಲಗಿ ಕೊಯ್ಸಿ ತಂದು ಹಾಕಸು. ಆಮ್ಯಾಲ ಮತ್ತ ತಟ್ಟಿ ನೋಡಿ ಕಾಗದ ಬರಸ್ತೀನಿ."

"ಎಷ್ಟ ದಿನ ಹಿಡೀತೈತೋ?"

"ಹಲಗಿ ಒಣಗಬೇಕು, ಬಾಗಬೇಕು. ಮೂರು ವಾರ."

ನನ್ನ ಹತ್ತಿರ ಇದ್ದುದು ಒಂದೇ ವಾರ!

ಮರುದಿನ ಫೋಂಡಾಕ್ಕೆ ಹೋದೆ. ಮಿಲ್ಲಿನ ತನಕ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲ್ಲಿನಲ್ಲಿ ನಾಲ್ಕು ಚಹಾ, ಎರಡು ಪ್ಲೇಟು ಭಜಿ ತಿಂದು, ಸಂಜೆ ವಾಪಸು ಬಂದು, "ಒಣಗಿದ ಕಟ್ಟಿಗೀನ ಸಿಕ್ತು, ಹಲಗಿ ಕೊಯ್ಸೀನಿ ಅಣ್ಣಾ, ಟೆಂಪೋದಾಗ ಬರ್ತೈತಿ. ನಾಳಿಂದ ಅದನ್ನ ಕುಂದ್ರಸಾಕ ಬಡಿಗ್ಯಾನ್ನೂ ಹೇಳೀನಿ" ಎಂದೆ. ಅಣ್ಣ ಪ್ರೀತಿಯಿಂದ ನನ್ನ ತಲೆಗೂದಲಲ್ಲಿ ಬೆರಳಾಡಿಸಿ, ಬೆರಳು ನೋಡಿಕೊಂಡು, ಒಳಗೆ ಹೋದ. ಅವನು ವಾರದ ದಿನಗಳಲ್ಲೆಲ್ಲ ಯಾರ್ಡಿನಲ್ಲಿ ತುಕ್ಕು ಕುಟ್ಟುತ್ತಿದ್ದಾಗ ನಾನು ಒಬ್ಬನೇ ಕೂತು ಆ ಹಲಗೆಗೆ ಮೇಣ, ಕಟ್ಟಿಗೆ ಪುಡಿ, ಸಂದು ಮುಚ್ಚುವ ಲಂಬಿ ಎಂಬ ಪುಟ್ಟಿ ಎಲ್ಲ ಮೆತ್ತಿ, ಮೇಲೆ ಎರಡು ಕೈ ನೀಲಿ ಬಣ್ಣ ಬಳಿದೆ. ಸಂತೆಯಲ್ಲಿ ಮುದಿ ಎತ್ತಿನ ಕೋಡು ಹೆರೆದು, ಎಣ್ಣೆ ಸವರಿ, ಹರೆಯದ್ದೆಂದು ಮಾರುವ ಕಳ್ಳರಿದ್ದಾರಲ್ಲ, ನಮ್ಮಪ್ಪ ಅವರ ಹೆಸರು ಹೇಳಿದರೆ ಉಗುಳುತ್ತಿದ್ದ. ನಾನು ಮಾಡಿದ್ದು ಅದನ್ನೇ.

ಬಣ್ಣ ಕಣ್ಣಿಗೆ ಮೋಸ ಮಾಡೀತು. ಕೊಡತಿಗೆ ಮಾಡುವುದುಂಟೇ? ಒಂದು ಠಕ್ ಎಂದರೆ ನನ್ನ ಬಣ್ಣ ಬಯಲು. ಅದಕ್ಕೇ ಶನಿವಾರ ಬೆಳಿಗ್ಗೆ, ಅಣ್ಣ ನಲ್ಲಿಗೆ ಹೋದ ಹೊತ್ತು ನೋಡಿ, ಗೂಟಕ್ಕೆ ತೂಗುಹಾಕಿದ್ದ ಕೊಡತಿಯನ್ನು ತೆಗೆದು ನನ್ನ ಟ್ರಂಕಿನ ತಳದಲ್ಲಿ, ಮದುವೆಯ ಕೋಟಿನೊಳಗೆ ಸುತ್ತಿಟ್ಟೆ.

ಆಮೇಲಿನ ಗಲಾಟೆ ಏನು ಹೇಳಲಿ! ಅಣ್ಣ ಅಕ್ಕಿ ಡಬ್ಬಿಯಲ್ಲಿ ಕೈ ಹಾಕಿ ಹುಡುಕಿದ. ಬಚ್ಚಲ ಒಲೆಯ ಬೂದಿ ಕೆದರಿದ. ವೈನಿಯನ್ನು ನಿಲ್ಲಿಸಿ, "ಖರೇ ಹೇಳು, ಒಲಿಗೆ ಹಾಕಿದೇನು?" ಎಂದ.

"ಹಾಕೂದಿದ್ರ ಮೊದಲ ನಿಮ್ಮನ್ನ ಹಾಕತಿದ್ದೆ!" ಎಂದು ವೈನಿ ಗುಡುಗಿದಳು.

ನಾನು ಒಳ್ಳೆಯ ತಮ್ಮನಂತೆ ಮಂಚದ ಕೆಳಗೆ ತೆವಳಿ ಹುಡುಕಿದೆ. ನನ್ನಷ್ಟು ಶ್ರದ್ಧೆಯಿಂದ ಯಾರೂ ಹುಡುಕಲಿಲ್ಲ! ಕಡೆಗೆ ಅಣ್ಣ ವೈನಿಯ ಸೌಟು ಹಿಡಿದು ಬಾಗಿಲು ಬಾರಿಸಿ ನೋಡಿದ, ತಲೆ ಅಲ್ಲಾಡಿಸಿದ. ಒನಕೆಯ ತುಂಡಿನಿಂದ ಬಾರಿಸಿದ. "ಇದು ತನ್ನದ ಹಾಡು ಹಾಡ್ತೈತಿ, ಹಲಗೀದು ಕೇಳಸಾಕ ಬಿಡೂದಿಲ್ಲ" ಎಂದು ಎಸೆದ. ಬೆರಳಿನ ಗೆಣ್ಣುಗಳೋ, ವರ್ಷಗಟ್ಟಲೆ ತುಕ್ಕು ಕುಟ್ಟಿ ಜಡ್ಡುಗಟ್ಟಿ ಹೋಗಿದ್ದವು.

"ನಾಳಿ ಹೊಡಿ ಇಳಸೂದೈತಿ ಅಣ್ಣಾ. ಕಾಗದ ಆಮ್ಯಾಲ ಬರಸಿದ್ರಾತು ಬಿಡು" ಎಂದೆ. ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಆಗಲಿ" ಎಂದ. ನಾನು ಗೆದ್ದೆ ಎಂದುಕೊಂಡೆ.

ರವಿವಾರ ಬೆಳಿಗ್ಗೆ ಹನ್ನೆರಡು ಮಂದಿ ಕೆಂಪು ಮೋರೆಯವರು ಟೋಪಿ ಹಾಕಿಕೊಂಡು ಬಂದು ನಿಂತರು. ಅಷ್ಟರಲ್ಲಿ ದಂಡೆಯ ಮೇಲೆ ಒಂದು ಕೈಗಾಡಿ ಬಂತು. ಅದರ ತುಂಬ ಗಾಳಿ ತುಂಬಿದ ಲಾರಿ ಟಯರಿನ ಟ್ಯೂಬುಗಳು! ತಳ್ಳುತ್ತಿರುವವನು ನಮ್ಮಣ್ಣ!

"ಇದೇನೋ ಅಣ್ಣಾ?"

"ಒಬ್ಬೊಬ್ಬರಿಗೆ ಒಂದೊಂದು. ನಡಕ್ಕ ಹಾಕ್ಕೋ ಅನ್ನು. ನಮ್ಮ ಕಡಿ ಪದ್ಧತಿ ಅಂತ ಹೇಳು. ಮತ್ತ ದಂಡಿ ಬಿಟ್ಟು ದೂರ ಒಯ್ಯಬ್ಯಾಡ."

ವಿದೇಶಿಯರು ಕೇಕೆ ಹಾಕಿ ನಕ್ಕು, ಟ್ಯೂಬಿನೊಳಗೆ ತೂರಿಕೊಂಡು, ದೊಡ್ಡ ಉದ್ದಿನವಡೆಗಳ ಹಾಗೆ ದೋಣಿಯಲ್ಲಿ ಕೂತರು. ಅಣ್ಣನಿಗೆ ನೀರಿನ ಹೆದರಿಕೆ ಹೆಚ್ಚಾಗಿ ತಲೆ ಕೆಟ್ಟಿದೆ ಎಂದು ನಾನು ನಾಚಿ ನೀರಾದೆ. ಆಮೇಲೆ ನಡೆದದ್ದನ್ನು ಕಂಡು ದಂಡೆಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಫೆರಿ ಬೋಟನ್ನೂ ಹತ್ತದ ನಮ್ಮಣ್ಣ ಧೋತರ ಎತ್ತಿ ಕಟ್ಟಿ, ಕಂಕುಳಲ್ಲಿ ಬಟ್ಟೆಯ ಗಂಟೊಂದನ್ನು ಅವುಚಿಕೊಂಡು, ನಡುಗುತ್ತ ನಡುಗುತ್ತ ದೋಣಿ ಹತ್ತಿದ!

"ನೀ ಎಲ್ಲಿಗೋ ಅಣ್ಣಾ?"

"ಮೀನಾ ನೋಡಾಕ" ಎಂದವನೇ ದೋಣಿಯ ತಳದಲ್ಲಿ, ಎಡಮಗ್ಗುಲಿಗೆ ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ ಕುಳಿತುಬಿಟ್ಟ. ಗಂಟು ತೊಡೆಯ ಮೇಲೆ. ಹನ್ನೆರಡು ಮಂದಿಗೂ ಟ್ಯೂಬು ಹಂಚಿದವನು ತನಗೆಂದು ಒಂದೂ ಇಟ್ಟುಕೊಂಡಿರಲಿಲ್ಲ. ಅದು ನನಗೆ ಆಗ ಹೊಳೆಯಲೇ ಇಲ್ಲ. ಗಂಟಿನಲ್ಲಿ ವೈನಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಇರಬೇಕು ಎಂದುಕೊಂಡೆ.

ಯಂತ್ರ ಗುಡುಗುಟ್ಟಿತು. ದಂಡೆ ಹಿಂದೆ ಸರಿಯಿತು. ಬಂತು ನೋಡಿ ಡಾಲ್ಫಿನ್, ಬಲಗಡೆ ಒಂದು, ಅದರ ಬೆನ್ನಿಗೆ ಇನ್ನೊಂದು! ಉದ್ದಿನವಡೆಗಳೆಲ್ಲ ಕೂಗುತ್ತ ಬಲಕ್ಕೆ ಉರುಳಿದವು. ದೋಣಿ ವಾಲಿತು. ಎಡಕ್ಕೆ ಬಂದಿತೆಂದು ಎಡಕ್ಕೆ ಉರುಳಿದವು. ಅಣ್ಣ ಮಾತ್ರ ಅಲ್ಲಾಡಲಿಲ್ಲ. ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ಬಸವಣ್ಣ ಬಸವಣ್ಣ ಎನ್ನುತ್ತಿದ್ದ. ವಿದೇಶಿಯರಿಗೆ ಮೀನು ಮರೆತೇ ಹೋಯಿತು. ಯಾರೋ ದೊಡ್ಡ ಸಾಧು ಧ್ಯಾನಕ್ಕೆ ಕೂತಿದ್ದಾನೆಂದು ಕ್ಯಾಮೆರಾ ತೆಗೆದು ಅವನ ಫೋಟೋ ಹೊಡೆಯತೊಡಗಿದರು! ಒಬ್ಬ ಹೆಂಗಸು ಅವನ ಎದುರಿಗೆ ತಾನೂ ಚಕ್ಕಳಮಕ್ಕಳ ಹಾಕಿ ಕೂತಳು.

ಆಗ ನನ್ನ ಅಂಗಾಲಿಗೆ ತಣ್ಣಗಾಯಿತು. ತಳದಲ್ಲಿ ನೀರು. ಮೂರನೇ ಹಲಗೆಗೆ ಮೆತ್ತಿದ್ದ ಲಂಬಿ ಬಿಸ್ಕಿಟಿನ ಹಾಗೆ ನೆನೆದು ಕಳಚಿತ್ತು. ನೀರು ಬುಳುಬುಳು ಉಕ್ಕುತ್ತಿತ್ತು.

ಅಣ್ಣ ಕಣ್ಣು ತೆರೆದ. ನೀರನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಗಂಟು ಬಿಚ್ಚಿದ. ಒಳಗೆ ರೊಟ್ಟಿ ಇರಲಿಲ್ಲ. ಎಣ್ಣೆಯಲ್ಲಿ ನೆನೆಸಿ ಹೊಸೆದ ಹತ್ತಿ, ನಾದಿಟ್ಟ ರಾಳ, ಒಂದು ಉಳಿ! ನಾನು ಸುಳ್ಳು ಹೇಳಿದ್ದೇನೆಂದು ತಿಳಿದೇ, ನೀರು ಎಲ್ಲಿಂದ ಬರುತ್ತದೆಂದು ತಿಳಿದೇ, ಮೊದಲಿನಿಂದಲೂ ಅದೇ ಜಾಗದಲ್ಲಿ ಬಂದು ಕೂತಿದ್ದ. ಉಳಿಯಿಂದ ಹತ್ತಿಯನ್ನು ಸಂದಿಗೆ ತುರುಕಿದ, ರಾಳ ಒತ್ತಿದ, ಟವೆಲ್ಲು ಮಡಚಿ ಮೇಲಿಟ್ಟು, ಅದರ ಮೇಲೆ ತನ್ನ ಇಡೀ ಭಾರ ಹಾಕಿ ಕೂತ.

"ತಿರುಗಸು" ಎಂದ, ಅಷ್ಟೇ.

ತಿರುಗಿಸಿದೆ. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದು ಕೈಯಲ್ಲಿ ಡಬ್ಬಿ ಹಿಡಿದು ನೀರು ಎರಚುತ್ತ ದಂಡೆ ಮುಟ್ಟಿಸಿದೆ. ವಿದೇಶಿಯರು ಇದೆಲ್ಲ ಆಟದ ಭಾಗವೆಂದು ತಿಳಿದು ಎದ್ದು ನಿಂತು ಚಪ್ಪಾಳೆ ತಟ್ಟಿದರು! ನಾಳಿನ ದೋಣಿಯಲ್ಲೂ ಸಾಧು ಇರುತ್ತಾನೆಯೇ ಎಂದು ಒಬ್ಬ ನನ್ನನ್ನು ಕೇಳಿದ.

ಸಾಧು ಅಷ್ಟರಲ್ಲಿ ಒಣ ಮರಳಿನ ಮೇಲೆ ಬೋರಲು ಬಿದ್ದು, ನೆಲವನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದ. ಹತ್ತಿರ ಹೋಗಿ ಕೂತೆ. ಮುಖ ಎತ್ತದೆ ಹೇಳಿದ.

"ಕಟ್ಟಿಗಿ ಮಿಲ್ಲಿನಿಂದ ಬಂದಾಂವನ ತಲ್ಯಾಗ ಒಂದ ಚೂರೂ ಪುಡಿ ಇರಲಿಲ್ಲಲೇ."

"ಮತ್ತ ಅವತ್ತ ಯಾಕ ಬೈಲಿಲ್ಲ? ಇವತ್ತರ ಯಾಕ ತಡೀಲಿಲ್ಲ?"

"ದಂಡಿಗೆ ಬರೂಮಟ ನೀನ ಬಾಯಿ ಬಿಟ್ಟು ಹೇಳ್ತೀ ಅಂದ್ಕೊಂಡೆ. ನಾಕ ಮಂದಿ ಮುಂದ ನಾ ಅಂದಿದ್ರ, ಇನ್ನ ನಿನ್ನ ಹೊಡಿ ಯಾರ ಹತ್ತತಾರ? ನಂದೂ ತಪ್ಪ. ಹನ್ನೆರಡು ಜೀವ." ಎದ್ದು ಕೂತು, "ಹಲಗಿ ಬದಲ್ ಮಾಡು" ಎಂದ.

ಮರುದಿನವೇ ಫೋಂಡಾದ ಮಿಲ್ಲಿಗೆ ಹೋದೆ. ಮೈತುಂಬ ಪುಡಿ ಮೆತ್ತಿಕೊಂಡು ಬಂದೆ. ಮೂರು ವಾರ ಹಿಡಿಯಿತು. ಹೋಟೆಲ್ಲಿನ ಕೆಲಸ ಹೋಯಿತು, ಬೇರೆ ಕೆಲಸ ಬಂತು. ಆದರೆ ಕೊಡತಿ? ಅದು ಮದುವೆಯ ಕೋಟಿನೊಳಗೇ ಉಳಿಯಿತು. ಹಲಗೆಯ ಸುಳ್ಳು ಹೇಗೋ ಸಮುದ್ರದಲ್ಲಿ ತೊಳೆದುಹೋಯಿತು. ಅವನ ಕೊಡತಿಯನ್ನು ನಾನೇ ಕದ್ದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ನಾಳೆ ಹೇಳೋಣ, ಹಬ್ಬ ಕಳೆಯಲಿ, ಮಳೆ ಕಳೆಯಲಿ ಎನ್ನುತ್ತ ವರ್ಷಗಳೇ ಕಳೆದವು. ಅಣ್ಣ ಬೇರೆ ಕೊಡತಿ ಮಾಡಿಸಿಕೊಂಡ. ಉಳಿದವರ ದೋಣಿಗೆ ಅದರಿಂದಲೇ ತಟ್ಟಿ ಕಾಗದ ಬರೆಸಿದ. ನನ್ನ ದೋಣಿಗೆ ಮಾತ್ರ ಬರೆಸಲಿಲ್ಲ. ಕೇಳಿದರೆ, "ಅದಕ್ಕ ಹಳೇ ಕೊಡತೀನ ಬೇಕು. ಸಿಕ್ಕಾಗ ಬರಸೂಣು" ಎನ್ನುತ್ತಿದ್ದ. ಹೀಗೆ ಊರಿಗೆಲ್ಲ ಕಾಗದ ಬರೆದು ಕೊಟ್ಟ ನನ್ನ ಮನೆಯ ಗೋಡೆ ಖಾಲಿ!

ಅಷ್ಟರಲ್ಲಿ ಇನ್ನೊಂದು 'ಠಕ್ ಠಕ್' ಒಳಗೊಳಗೇ ಕೆಲಸ ಮಾಡುತ್ತಿತ್ತು. ಇಪ್ಪತ್ತು ಜನರ ಸುತ್ತಿಗೆಯ ನಡುವೆ ಹದಿನೇಳು ವರ್ಷ ಕೂತ ಅಣ್ಣನ ಕಿವಿಗಳು ಸ್ವಲ್ಪ ಸ್ವಲ್ಪವೇ ಮುಚ್ಚಿಕೊಂಡವು. ಮೊದಲು ವೈನಿಯ ಬೈಗುಳ ಕೇಳಿಸದಾಯಿತು. ಅದಕ್ಕೆ ಅವನೇ ನಗುತ್ತಿದ್ದ. ಆಮೇಲೆ ಬಸ್ಸಿನ ಹಾರ್ನು. ಒಂದು ಮಳೆಗಾಲದಲ್ಲಿ ಅವನು ಹಲಗೆಗೆ ಕಿವಿ ಹಚ್ಚಿ, ಬಾರಿಸಿ, ಕಿವಿ ಹಚ್ಚಿ, ಮತ್ತೆ ಬಾರಿಸಿ, ಸುಣ್ಣದ ತುಂಡನ್ನು ಕೈಯಲ್ಲೇ ಹಿಡಿದು ಬಹಳ ಹೊತ್ತು ಕೂತಿದ್ದು, ಗೆರೆ ಎಳೆಯದೆ ಎದ್ದು ಬಂದುಬಿಟ್ಟ. ಆಮೇಲೆ ದಂಡೆಗೆ ಹೋಗಲಿಲ್ಲ. ದೋಣಿಯವರು ಕರೆಯಲು ಬಂದರೆ ಮಲಗಿದ್ದಾನೆಂದು ಹೇಳಿಸುತ್ತಿದ್ದ.

ಮುಂದಿನ ಕಾರ ಹುಣ್ಣಿಮೆಯ ದಿನ ನಾನು ಟ್ರಂಕು ತೆಗೆದು, ಕೋಟಿನ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡೆ. ಅಣ್ಣನ ಕೈ ಹಿಡಿದು ಎಳೆದುಕೊಂಡು ದಂಡೆಗೆ ಹೋದೆ. ಸಣ್ಣ ಮಳೆ. ಮಗುಚಿ ಹಾಕಿದ್ದ ನನ್ನ ದೋಣಿಯ ಎಡಮಗ್ಗುಲಿಗೆ ಅವನನ್ನು ಕೂಡಿಸಿ, ಅವನ ಅಂಗೈಯನ್ನು ಮೂರನೇ ಹಲಗೆಯ ಮೇಲೆ ಇಟ್ಟೆ. ನಾನು ಅವನ ಬೆನ್ನ ಹಿಂದೆ ನಿಂತು, ಕೋಟಿನಿಂದ ಕೊಡತಿ ತೆಗೆದು, ಅವನು ಬಾರಿಸುತ್ತಿದ್ದ ಹಾಗೆಯೇ ಎರಡು ಸಲ ಬಾರಿಸಿದೆ. ಠಕ್, ಠಕ್.

ಅಣ್ಣನ ಬೆರಳುಗಳು ಅಗಲವಾದವು. ತಿರುಗಿ ನೋಡಲಿಲ್ಲ. ನೋಡದೆಯೇ ಹೇಳಿದ.

"ಇದು ನಮ್ಮ ಹಳೇದು."

ನಾನು ಮುಂದೆ ಬಂದು ಅವನ ಕಿವಿಗೆ ಬಾಯಿ ಹಚ್ಚಿ, "ನಾನ ಕದ್ದಿದ್ದೆ ಅಣ್ಣಾ! ನನ್ನ ಟ್ರಂಕಿನಾಗ ಇತ್ತು!" ಎಂದು ಕೂಗಿದೆ. ಸುತ್ತ ದೋಣಿ ಕೆರೆಯುತ್ತಿದ್ದವರೆಲ್ಲ ಕೆರೆಯುವುದು ಬಿಟ್ಟು ನಮ್ಮ ಕಡೆ ನೋಡಿದರು. ಇನ್ನೊಮ್ಮೆ ಕೂಗಿದೆ. ಅವನಿಗೆ ಕೇಳಿತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕಣ್ಣು ಮುಚ್ಚಿ, "ಬಾರಿಸು" ಎಂದ. ಅವನ ಅಂಗೈ ಹಲಗೆಯಿಂದ ಹಲಗೆಗೆ ಸರಿಯಿತು, ನಾನು ಬಾರಿಸುತ್ತ ಹೋದೆ. ಇಡೀ ದೋಣಿ ಸುತ್ತಿ ಮತ್ತೆ ಮೂರನೇ ಹಲಗೆಗೆ ಬಂದೆವು. ಆಗ ಆ ಕೈಯನ್ನು ಎತ್ತಿ ನನ್ನ ಒದ್ದೆ ತಲೆಯ ಮೇಲಿಟ್ಟ. ಇನ್ನೊಂದು ಕೈಯ ಗೆಣ್ಣಿನಿಂದ ಮೆಲ್ಲಗೆ ಕುಟ್ಟಿದ. ಟೊಳ್ಳು ಎನ್ನುತ್ತಾನೆಂದು ನಾನು ಕಾದೆ.

"ಎಲ್ಲ ಹಲಗಿ ಬದುಕ್ಯಾವು" ಎಂದ. "ಬರಕೋ."